ರಾಯಚೂರಿನ ತಕ್ಕಡಿಯಲ್ಲಿ ಬಡಕಲು ಬೂತಾಯಿ

ಭಾನುವಾರ ಬೆಳಿಗ್ಗೆ ರಾಯಚೂರಿನ ಮೀನು ಮಾರುಕಟ್ಟೆಯಲ್ಲಿ ಬೂತಾಯಿ ಕೊಳ್ಳಲು ನಿಂತಿದ್ದೆ. ಮಾರುವ ಹೆಂಗಸು ಥರ್ಮೋಕೋಲ್ ಪೆಟ್ಟಿಗೆಯ ಮುಚ್ಚಳ ತೆಗೆದು, ಮಂಜುಗಡ್ಡೆಯ ಚೂರುಗಳನ್ನು ಅಂಗೈಯಿಂದ ಸರಿಸಿ, ಒಂದು ಕಿಲೋ ತೂಗಿದರು. ತಟ್ಟೆ ತುಂಬಿ ಚೆಲ್ಲುವಂತಿತ್ತು. ಮೊದಲೆಲ್ಲ ಒಂದು ಕಿಲೋಗೆ ಇಪ್ಪತ್ತು, ಇಪ್ಪತ್ತೆರಡು ಮೀನು ಬರುತ್ತಿದ್ದವು. ಅಂದು ಎಣಿಸಿದರೆ ನಲವತ್ತು ದಾಟಿತು.

"ಅಕ್ಕಾ, ಇವು ಮರಿಗಳಲ್ಲವೇ?" ಎಂದೆ.

"ಮರಿಯಲ್ಲ ತಮ್ಮಾ, ಮೀನೇ ಸೊರಗಿದೆ. ಇದು ಮಂಗಳೂರು ಕಡೆಯ ಲೋಡು. ಆ ಪೆಟ್ಟಿಗೆ ನೋಡು, ಆಂಧ್ರದ ಕಡೆಯದು, ಮೈ ತುಂಬಿಕೊಂಡಿದೆ" ಎಂದು ಪಕ್ಕದ ಪೆಟ್ಟಿಗೆಯಿಂದ ಒಂದನ್ನು ಎತ್ತಿ ತೋರಿಸಿದರು. ಬಣ್ಣ, ಹುರುಪೆ, ಮುಖ ಎಲ್ಲ ಒಂದೇ. ಬೆನ್ನು ಮಾತ್ರ ದಪ್ಪ.

ರಾಯಚೂರಿನಿಂದ ಕಡಲು ಹತ್ತಿರವಿಲ್ಲ. ಹಕ್ಕಿಯಂತೆ ನೇರ ಹಾರಿದರೂ ಎರಡೂ ದಿಕ್ಕಿನಲ್ಲಿ ಮುನ್ನೂರು ಕಿಲೋಮೀಟರಿಗೆ ಕಡಿಮೆ ಇಲ್ಲ. ಆದರೆ ಎರಡು ಕಡಲುಗಳ ನಡುವೆ ಕುಳಿತಿರುವುದರಿಂದ ಅರಬ್ಬಿ ಸಮುದ್ರದ ಮೀನೂ ಬಂಗಾಳಕೊಲ್ಲಿಯ ಮೀನೂ ಒಂದೇ ಕಟ್ಟೆಯ ಮೇಲೆ ಅಕ್ಕಪಕ್ಕ ಕೂರುವುದನ್ನು ಇಲ್ಲಿ ನೋಡಬಹುದು. ಕರಾವಳಿಯವರಿಗೂ ಸುಲಭಕ್ಕೆ ಸಿಗದ ಭಾಗ್ಯವಿದು. ಒಂದೇ ಜಾತಿಯ ಮೀನು ಒಂದು ಕಡೆ ಕೊಬ್ಬಿ, ಇನ್ನೊಂದು ಕಡೆ ಸೊರಗುವುದು ಏಕೆ? ಒಂದು ಕಡೆ ಬೇಗ ತತ್ತಿ ಇಟ್ಟು, ಇನ್ನೊಂದು ಕಡೆ ತಡಮಾಡುವುದು ಏಕೆ? ಪ್ರಪಂಚದ ಹಲವು ಕಡಲುಗಳಲ್ಲಿ ವಿಜ್ಞಾನಿಗಳು ತಲೆಕೆಡಿಸಿಕೊಂಡಿರುವ ಪ್ರಶ್ನೆಗಳಿವು.

ಸಣ್ಣ ಮೀನು ಎಂದರೆ ಯಾವುದು

ಸಣ್ಣದು ಎಂದರೆ ಮರಿ ಎಂದಲ್ಲ. ಪೂರ್ತಿ ಬೆಳೆದರೂ ಗೇಣುದ್ದ ದಾಟದ, ಕಡಲಿನ ತಳದಲ್ಲಿರದೆ ಮೇಲಿನ ನೀರಿನಲ್ಲಿ ಗುಂಪಾಗಿ ಈಜುವ ಮೀನುಗಳಿವು. ನಮ್ಮಲ್ಲಿ ಬೂತಾಯಿ, ಬಂಗುಡೆ, ಸಂತೆಯಲ್ಲಿ ಒಣಗಿಸಿ ಮಾರುವ ನೆತ್ತಳ್ಳು. ಹೊರದೇಶಗಳಲ್ಲಿ ಸಾರ್ಡೀನ್, ಆಂಚೋವಿ. ಬೂತಾಯಿಗೆ ಕುಂದಾಪುರದ ಕಡೆ ಬೈಗೆ, ಕಾರವಾರದ ಕೊಂಕಣಿಯಲ್ಲಿ ತಾರ್ಲೆ, ಕೇರಳದಲ್ಲಿ ಮತ್ತಿ ಅಥವಾ ಚಾಳ, ತೆಲುಗಿನಲ್ಲಿ ಕವಳ್ಳು ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಇದಕ್ಕೆ ಆಯಿಲ್ ಸಾರ್ಡೀನ್ ಎಂದು ಹೆಸರು. ಹೆಂಚಿನ ಮೇಲೆ ಹಾಕಿದರೆ ತನ್ನ ಎಣ್ಣೆಯನ್ನು ತಾನೇ ಬಿಡುವ ಮೀನಿಗೆ ಬೇರೆ ಹೆಸರು ಹೊಂದುವುದೂ ಇಲ್ಲ. ಒಂದು ಕಾಲದಲ್ಲಿ ಮಲಬಾರಿನಲ್ಲಿ ಇದರ ಎಣ್ಣೆ ತೆಗೆದು ದೀಪಕ್ಕೆ, ದೋಣಿಯ ಮೈಗೆ, ಚರ್ಮ ಹದ ಮಾಡಲು ಬಳಸುತ್ತಿದ್ದರು. ಹಿಂಡಿ ಉಳಿದದ್ದು ತೋಟಗಳಿಗೆ ಗೊಬ್ಬರವಾಗಿ ಹೋಗುತ್ತಿತ್ತು.

ಇವುಗಳ ಊಟ ಪ್ಲವಕ. ಪ್ಲವಕವೆಂದರೆ ನೀರಿನಲ್ಲಿ ತೇಲಾಡುವ, ಬಹುಪಾಲು ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು. ಕೆಲವು ಸಸ್ಯದಂತೆ ಬಿಸಿಲು ತಿಂದು ಬದುಕುತ್ತವೆ, ಕೆಲವು ಅವನ್ನು ತಿಂದು ಬದುಕುವ ಪುಟ್ಟ ಪ್ರಾಣಿಗಳು. ಬೂತಾಯಿಯ ಕಿವಿರಿನಲ್ಲಿ ಬಾಚಣಿಗೆಯ ಹಲ್ಲಿನಂಥ ಎಳೆಗಳ ಸಾಲಿದೆ. ಬಾಯಿ ತೆರೆದು ಈಜಿದರೆ ನೀರು ಕಿವಿರಿನಿಂದ ಹೊರಗೆ ಹೋಗುತ್ತದೆ, ಪ್ಲವಕ ಒಳಗೆ ಉಳಿಯುತ್ತದೆ. ಹಿಟ್ಟು ಸೋಸುವ ಜರಡಿಯ ಕೆಲಸವೇ, ಆದರೆ ಇಲ್ಲಿ ಉಳಿಯುವುದು ಬೇಕಾದದ್ದು, ಹೋಗುವುದು ಬೇಡದ್ದು.

ಇವನ್ನು ತಿನ್ನುವವರ ಪಟ್ಟಿ ದೊಡ್ಡದು: ದೊಡ್ಡ ಮೀನು, ಕಡಲಹಕ್ಕಿ, ಡಾಲ್ಫಿನ್, ನಾವು. ಪ್ಲವಕವನ್ನು ಮಾಂಸವಾಗಿ ಬದಲಿಸಿ ಮೇಲಿನವರಿಗೆ ದಾಟಿಸುವ ಕೆಲಸ ಈ ಸಣ್ಣವುಗಳದ್ದು. ಆಯುಸ್ಸು ಕಡಿಮೆ, ಬೂತಾಯಿ ಬದುಕುವುದು ಸುಮಾರು ಎರಡೂವರೆ ವರ್ಷ, ಒಂದು ವರ್ಷದ ಆಸುಪಾಸಿನಲ್ಲೇ ತತ್ತಿ ಕಟ್ಟಲು ಸಿದ್ಧ. ಹೀಗಾಗಿ ನೀರಿನಲ್ಲಿ ಏನೇ ಏರುಪೇರಾದರೂ ಮೊದಲು ಇವುಗಳ ಮೈಯಲ್ಲಿ ಕಾಣಿಸಿಕೊಳ್ಳುತ್ತದೆ.

ಮೀನಿನ ಆರೋಗ್ಯ ಅಳೆಯುವುದು ಹೇಗೆ

ಅಂಗನವಾಡಿಯಲ್ಲಿ ಮಗುವನ್ನು ತೂಗುವುದನ್ನು ನೋಡಿರುತ್ತೀರಿ. ಬರೀ ತೂಕ ನೋಡಿ ಮಗು ಸೊರಗಿದೆ ಎನ್ನುವುದಿಲ್ಲ. ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ನೋಡುತ್ತಾರೆ. ಮೀನಿಗೂ ಇದೇ ಲೆಕ್ಕ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸ್ಕಾಟ್ಲೆಂಡಿನ ಫುಲ್ಟನ್ ಎಂಬ ವಿಜ್ಞಾನಿ ಬಳಸಿದ ಸೂತ್ರ ಇಂದಿಗೂ ಚಾಲ್ತಿಯಲ್ಲಿದೆ. ಮೀನಿನ ತೂಕವನ್ನು ಗ್ರಾಂನಲ್ಲಿ ಬರೆದುಕೊಳ್ಳಿ, ನೂರರಿಂದ ಗುಣಿಸಿ. ಉದ್ದವನ್ನು ಸೆಂಟಿಮೀಟರಿನಲ್ಲಿ ಅಳೆದು, ಆ ಅಂಕಿಯನ್ನು ಮೂರು ಬಾರಿ ಬರೆದು ಒಂದಕ್ಕೊಂದು ಗುಣಿಸಿ, ಬಂದದ್ದರಿಂದ ಭಾಗಿಸಿ.

ಮೂರು ಬಾರಿ ಏಕೆ? ಬೆಲ್ಲದ ಅಚ್ಚು ನೆನಪಿಸಿಕೊಳ್ಳಿ. ಅಚ್ಚಿನ ಉದ್ದ ಎರಡರಷ್ಟಾದರೆ ಅಗಲ, ಎತ್ತರಗಳೂ ಎರಡರಷ್ಟಾಗುತ್ತವೆ. ಬೆಲ್ಲ ಎಂಟರಷ್ಟು ಹಿಡಿಯುತ್ತದೆ. ಮೀನೂ ಹಾಗೆಯೇ.

ನಾನು ಅಂದು ಮನೆಗೆ ತಂದು, ಶಾಲಾ ಮಕ್ಕಳ ಸ್ಕೇಲು ಮತ್ತು ಅಡುಗೆಮನೆಯ ತಕ್ಕಡಿ ಹಿಡಿದು ಕುಳಿತೆ. ಮನೆಯವರು ಒಗ್ಗರಣೆ ಕಾಯಿಸಿಕೊಂಡು ನಗುತ್ತಿದ್ದರು. ಎರಡು ಪೆಟ್ಟಿಗೆಯ ಮೀನುಗಳಲ್ಲಿ ಸರಿಯಾಗಿ 15 ಸೆಂಟಿಮೀಟರ್ ಇದ್ದ ಒಂದೊಂದನ್ನು ಆರಿಸಿದೆ. ಆಂಧ್ರದ ಕಡೆಯದು 35 ಗ್ರಾಂ, ಮಂಗಳೂರು ಕಡೆಯದು 26 ಗ್ರಾಂ. 15ನ್ನು ಮೂರು ಬಾರಿ ಗುಣಿಸಿದರೆ 3,375. ಮೊದಲನೆಯದರ ಲೆಕ್ಕ 1.04 ಬಂತು, ಎರಡನೆಯದರದು 0.77. ಉದ್ದ ಒಂದೇ, ಮೈಯಲ್ಲಿ ಕಾಲುಭಾಗ ಖೋತಾ.

ಈ ಅಂಕಿಯನ್ನು ಒಂದೇ ಜಾತಿಯೊಳಗೆ ಮಾತ್ರ ಹೋಲಿಸಬೇಕು. ನೆತ್ತಳ್ಳು ಹುಟ್ಟಾ ಸಪೂರ, ಅದನ್ನು ಬೂತಾಯಿಯ ಪಕ್ಕ ನಿಲ್ಲಿಸಿ ಸೊರಗಿದೆ ಎಂದರೆ ತಪ್ಪಾಗುತ್ತದೆ. ಇನ್ನೊಂದು ತೊಡಕೆಂದರೆ ತತ್ತಿ ತುಂಬಿದ ಮೀನು ತೂಕ ಹೆಚ್ಚು ತೂಗುತ್ತದೆ, ಆದರೆ ಆ ತೂಕ ಮೈಯದ್ದಲ್ಲ. ಅದಕ್ಕೇ ಸಂಶೋಧಕರು ಹೊಟ್ಟೆ ಸ್ವಚ್ಛ ಮಾಡಿದ ಮೇಲೂ ತೂಗುತ್ತಾರೆ. ತತ್ತಿಚೀಲವನ್ನು ಬೇರೆಯಾಗಿ ತೂಗಿ, ಮೈತೂಕದ ನೂರಕ್ಕೆ ಎಷ್ಟು ಭಾಗ ಎಂದು ಲೆಕ್ಕ ಹಾಕಿದರೆ ಮೀನು ಸಂತಾನಕ್ಕೆ ಎಷ್ಟು ಸಿದ್ಧವಾಗಿದೆ ಎಂಬುದು ತಿಳಿಯುತ್ತದೆ. ವಯಸ್ಸು ತಿಳಿಯಲು ತಲೆಯೊಳಗೆ ಕಿವಿಯ ಹತ್ತಿರವಿರುವ ಪುಟ್ಟ ಕಲ್ಲನ್ನು ತೆಗೆದು ನೋಡುತ್ತಾರೆ. ಮರದ ಕಾಂಡದಂತೆ ಅದರಲ್ಲೂ ಉಂಗುರಗಳಿರುತ್ತವೆ. ಚೆನ್ನಾಗಿ ಉಂಡ ಕಾಲದಲ್ಲಿ ಉಂಗುರ ಅಗಲ, ಉಪವಾಸದ ಕಾಲದಲ್ಲಿ ಕಿರಿದು.

ಹಗೇವಿನ ರೈತ, ದಿನಗೂಲಿಯ ಆಳು

ತತ್ತಿ ಕಟ್ಟುವುದು ಬಲು ಖರ್ಚಿನ ಕೆಲಸ. ಒಂದು ಹೆಣ್ಣು ಬೂತಾಯಿ ಹತ್ತಾರು ಸಾವಿರ ತತ್ತಿ ಕಟ್ಟುತ್ತದೆ, ಪ್ರತಿ ತತ್ತಿಗೂ ಒಂದಿಷ್ಟು ಬುತ್ತಿ ಕಟ್ಟಿ ಕಳುಹಿಸಬೇಕು. ಈ ಖರ್ಚು ಎಲ್ಲಿಂದ ಬರುತ್ತದೆ?

ನಮ್ಮ ಕಡೆ ಹಿಂದೆ ಜೋಳವನ್ನು ಹಗೇವಿನಲ್ಲಿ, ಎಂದರೆ ನೆಲದೊಳಗಿನ ಕಣಜದಲ್ಲಿ ತುಂಬಿಡುತ್ತಿದ್ದರು. ಸುಗ್ಗಿಯಲ್ಲಿ ತುಂಬಿದ ಹಗೇವನ್ನು ಮಳೆ ತಡವಾದಾಗ, ಮನೆಯಲ್ಲಿ ಮದುವೆ ಬಂದಾಗ ತೆಗೆಯುತ್ತಿದ್ದರು. ದಿನಗೂಲಿಯವನ ಬದುಕು ಬೇರೆ. ಅಂದಂದಿನ ದುಡಿಮೆಯಲ್ಲಿ ಅಂದಂದಿನ ಒಲೆ. ಕಡಲಿನಲ್ಲೂ ಈ ಎರಡು ಬಗೆಯ ಸಂಸಾರಗಳಿವೆ. ಯುರೋಪಿನ ಸಾರ್ಡೀನ್ ಹಗೇವಿನ ರೈತ. ವಸಂತ, ಬೇಸಿಗೆಗಳಲ್ಲಿ ತಿಂದು ಕೊಬ್ಬನ್ನು ಮೈಯಲ್ಲಿ ತುಂಬಿಟ್ಟು, ಊಟ ಕಡಿಮೆಯಿರುವ ಚಳಿಗಾಲದಲ್ಲಿ ಆ ಕೊಬ್ಬನ್ನು ಕರಗಿಸಿ ತತ್ತಿ ಇಡುತ್ತದೆ. ಅದೇ ಕಡಲಿನ ಆಂಚೋವಿ ದಿನಗೂಲಿಯ ಆಳು. ಊಟ ಸಿಗುವ ಬೆಚ್ಚನೆಯ ತಿಂಗಳುಗಳಲ್ಲೇ ತಿನ್ನುತ್ತಾ ತಿನ್ನುತ್ತಾ ತತ್ತಿ ಬಿಡುತ್ತದೆ.

ಒಂದೇ ಬರಗಾಲ ಈ ಇಬ್ಬರನ್ನು ಬೇರೆ ಬೇರೆ ಹೊತ್ತಿನಲ್ಲಿ ಹೊಡೆಯುತ್ತದೆ. ಬೇಸಿಗೆಯಲ್ಲಿ ಪ್ಲವಕ ಕೈಕೊಟ್ಟರೆ ಆಂಚೋವಿಗೆ ಆ ದಿನವೇ ಪೆಟ್ಟು. ಸಾರ್ಡೀನಿಗೆ ಆರು ತಿಂಗಳ ನಂತರ, ಹಗೇವಿನ ಬಾಯಿ ತೆರೆದು ನೋಡಿದಾಗ.

ನಮ್ಮ ಬೂತಾಯಿಯಲ್ಲೂ ಕೊಬ್ಬು ಮತ್ತು ತತ್ತಿ ತಕ್ಕಡಿಯ ಎರಡು ತಟ್ಟೆಗಳಂತೆ. ಪಶ್ಚಿಮ ಕರಾವಳಿಯಲ್ಲಿ ಅದು ತತ್ತಿ ಇಡುವುದು ಮುಖ್ಯವಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ತತ್ತಿ ಬಲಿಯುತ್ತಿದ್ದಂತೆ ಮೈಯ ಕೊಬ್ಬು ಇಳಿಯುತ್ತದೆ, ಮಳೆಗಾಲ ಮುಗಿದು ಮೇವು ಸಿಕ್ಕಂತೆ ಮತ್ತೆ ಏರುತ್ತದೆ. ಅದೇ ಮೀನು ಒಂದು ತಿಂಗಳು ಹೆಂಚಿನ ಮೇಲೆ ಎಣ್ಣೆ ಸುರಿಸಿ, ಇನ್ನೊಂದು ತಿಂಗಳು ಒಣಗಿದ ಹಾಗೆ ಬೇಯುವುದಕ್ಕೆ ಕಾರಣವಿದು. ಮಾರುಕಟ್ಟೆಯ ಆ ಅಕ್ಕನಿಗೆ ಇದು ಬೆರಳಿನಲ್ಲೇ ಗೊತ್ತು. ಇನ್ನೊಂದು ದಿನ ಒಂದು ಮೀನಿನ ಹೊಟ್ಟೆಯನ್ನು ಹೆಬ್ಬೆರಳಿನಿಂದ ಬಿಡಿಸಿ, ಕೇಸರಿ ಬಣ್ಣದ ತತ್ತಿಯ ಎರಡು ಎಸಳುಗಳನ್ನು ತೋರಿಸಿದರು. ಕರುಳಿನ ಸುತ್ತ ಇರಬೇಕಾದ ಬಿಳಿ ಕೊಬ್ಬಿನ ಎಳೆ ಕಾಣಲಿಲ್ಲ. "ಇದ್ದುದನ್ನೆಲ್ಲ ಇದಕ್ಕೇ ಸುರಿದಿದೆ" ಎಂದರು.

ಕಾಲುವೆಯ ಮೇಲ್ಭಾಗ, ಕೊನೆಭಾಗ

ಈಗ ಪ್ರದೇಶದ ಪ್ರಶ್ನೆಗೆ ಬರೋಣ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಬದುಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುನಿರಾಬಾದಿನಿಂದ ಹೊರಟ ನೀರು ಗಂಗಾವತಿ, ಸಿಂಧನೂರು ದಾಟಿ ಮಾನ್ವಿ, ರಾಯಚೂರು ತಾಲ್ಲೂಕಿನ ಕೊನೆಭಾಗಕ್ಕೆ ಬರುವಷ್ಟರಲ್ಲಿ ಏನಾಗುತ್ತದೆ ಎಂಬುದಕ್ಕೆ ಪ್ರತಿ ವರ್ಷ ಧರಣಿಗಳೇ ಸಾಕ್ಷಿ. ಮೇಲ್ಭಾಗದಲ್ಲಿ ಬಿತ್ತಿದ ಸೋನಾ ಮಸೂರಿಯೇ ಕೊನೆಭಾಗದಲ್ಲೂ. ಬೀಜ ಒಂದೇ, ತೆನೆ ಬೇರೆ. ಕಡಲಿನಲ್ಲಿ ನೀರಿಗೆ ಬರವಿಲ್ಲ ಎಂದು ನಗಬೇಡಿ. ಅಲ್ಲಿ ಬರವಿರುವುದು ಗೊಬ್ಬರಕ್ಕೆ.

ಪ್ಲವಕ ಬೆಳೆಯಲು ಬಿಸಿಲಿನ ಜೊತೆ ಸಾರಜನಕ, ರಂಜಕದಂಥ ಪೋಷಕಾಂಶಗಳು ಬೇಕು. ಬಿಸಿಲು ಇರುವುದು ಮೇಲೆ. ಸತ್ತ ಜೀವಿಗಳೆಲ್ಲ ತಳಕ್ಕಿಳಿದು ಕೊಳೆಯುವುದರಿಂದ ಪೋಷಕಾಂಶ ಇರುವುದು ಕೆಳಗೆ. ಜೋಳದ ಅಂಬಲಿಯನ್ನು ಗಡಿಗೆಯಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ಗಟ್ಟಿಯೆಲ್ಲ ತಳಕ್ಕೆ ಕೂತು ಮೇಲೆ ತಿಳಿನೀರು ನಿಲ್ಲುತ್ತದಲ್ಲ, ಹಾಗೆ. ಸವಟು ಹಾಕಿ ತಿರುವಬೇಕು. ಕಡಲಿನ ಸವಟು ಗಾಳಿ.

ಅರಬ್ಬಿ ಸಮುದ್ರದ ನಮ್ಮ ಕರಾವಳಿಯಲ್ಲಿ ಮುಂಗಾರಿನ ಗಾಳಿ ಆ ಕೆಲಸ ಮಾಡುತ್ತದೆ. ಗಾಳಿ ದಡದ ಉದ್ದಕ್ಕೂ ಉತ್ತರದಿಂದ ದಕ್ಷಿಣಕ್ಕೆ ಬೀಸುವಾಗ, ಭೂಮಿ ತಿರುಗುತ್ತಿರುವ ಕಾರಣ ಮೇಲಿನ ನೀರು ಗಾಳಿಯ ದಿಕ್ಕಿಗೆ ನೇರ ಹೋಗದೆ ಬಲಕ್ಕೆ, ಎಂದರೆ ದಡದಿಂದ ಆಚೆಗೆ ಸರಿಯುತ್ತದೆ. ಖಾಲಿಯಾದ ಜಾಗಕ್ಕೆ ಕೆಳಗಿನ ತಣ್ಣನೆಯ, ಗೊಬ್ಬರ ತುಂಬಿದ ನೀರು ಏರಿ ಬರುತ್ತದೆ. ಇದು ಕೇರಳದ ದಕ್ಷಿಣದಲ್ಲಿ ಮೇ–ಜೂನ್ ಹೊತ್ತಿಗೆ ಶುರುವಾಗಿ ಉತ್ತರಕ್ಕೆ ಹಬ್ಬುತ್ತದೆ. ಗೋವಾ ದಾಟಿದ ಮೇಲೆ ಬಲ ಕುಗ್ಗುತ್ತದೆ. ಬೂತಾಯಿಯ ಹಳೆಯ ತವರುಮನೆ ಸರಿಯಾಗಿ ಇದೇ ಪಟ್ಟಿ. ಮಲಬಾರಿನ ಬೂತಾಯಿಯನ್ನು ಅಭ್ಯಾಸ ಮಾಡಿದ ಜೇಮ್ಸ್ ಹಾರ್ನೆಲ್ ಮತ್ತು ನಾಯುಡು 1924ರಲ್ಲೇ, ಈ ಮೀನಿನ ಬರುವು ಹೋಗುವಿಗೂ ಡಯಾಟಮ್ ಎಂಬ ಸಸ್ಯಪ್ಲವಕಕ್ಕೂ ನಂಟಿದೆ ಎಂದು ಬರೆದಿದ್ದರು.

ಬಂಗಾಳಕೊಲ್ಲಿಯ ಸ್ಥಿತಿ ಬೇರೆ, ಅದರಲ್ಲಿ ನಮ್ಮ ಊರಿನ ಪಾಲೂ ಇದೆ. ರಾಯಚೂರಿನ ಉತ್ತರಕ್ಕೆ ಹರಿಯುವ ಕೃಷ್ಣೆ, ದಕ್ಷಿಣಕ್ಕೆ ಹರಿಯುವ ತುಂಗಭದ್ರೆ ಮುಂದೆ ಕೂಡಿಕೊಂಡು ಆಂಧ್ರದ ಹಂಸಲದೀವಿಯ ಬಳಿ ಕಡಲು ಸೇರುತ್ತವೆ. ಗೋದಾವರಿ, ಮಹಾನದಿ, ಗಂಗೆ, ಬ್ರಹ್ಮಪುತ್ರಗಳೂ ಅದೇ ಕೊಲ್ಲಿಗೆ. ಸಿಹಿನೀರು ಉಪ್ಪುನೀರಿಗಿಂತ ಹಗುರ, ಹಾಗಾಗಿ ಅದು ಮೇಲೆಯೇ ತೇಲುತ್ತದೆ. ಲೋಟದಲ್ಲಿ ಉಪ್ಪುನೀರು ಹಾಕಿ, ಮೇಲೆ ಬಣ್ಣ ಬೆರೆಸಿದ ಸಾದಾ ನೀರನ್ನು ಚಮಚೆಯ ಬೆನ್ನಿನ ಮೇಲಿಂದ ನಿಧಾನವಾಗಿ ಇಳಿಸಿ ನೋಡಿ, ಎರಡು ಪದರ ಬೇರೆ ಬೇರೆಯಾಗಿಯೇ ನಿಲ್ಲುತ್ತವೆ. ಕೊಲ್ಲಿಯ ಮೇಲೆ ಮಳೆಗಾಲದಲ್ಲಿ ಇಂಥದೊಂದು ಸಿಹಿನೀರಿನ ಮುಚ್ಚಳ ಕೂರುತ್ತದೆ. ಗಾಳಿ ಎಷ್ಟೇ ತಿರುವಿದರೂ ತಳದ ಗಟ್ಟಿ ಸುಲಭಕ್ಕೆ ಮೇಲೆ ಬರುವುದಿಲ್ಲ. ಅರಬ್ಬಿ ಸಮುದ್ರಕ್ಕೆ ಹೋಲಿಸಿದರೆ ಬಂಗಾಳಕೊಲ್ಲಿ ಬಡ ಕಡಲು ಎನ್ನಿಸಿಕೊಳ್ಳುವುದಕ್ಕೆ ಇದು ದೊಡ್ಡ ಕಾರಣ.

ನದಿ ಎಂದರೆ ಮೀನಿಗೆ ಕೇಡು ಎಂದೇನೂ ಅಲ್ಲ. ಹೊಲಗಳ ಸಾರವನ್ನು ತೊಳೆದು ತರುವುದೂ ನದಿಯೇ. ಇಟಲಿಯ ಪೋ ನದಿ ಸೇರುವ ಉತ್ತರ ಏಡ್ರಿಯಾಟಿಕ್, ಮೆಡಿಟರೇನಿಯನ್ ಕಡಲಿನ ಸಮೃದ್ಧ ಮೂಲೆಗಳಲ್ಲೊಂದು. ಒಂದೇ ನದಿ ಮುಖಜಭೂಮಿಯ ಬಳಿ ಅನ್ನ ಹಾಕಿ, ಆಚೆ ಮುಚ್ಚಳವನ್ನೂ ಹಾಕಬಲ್ಲದು.

ಮತ್ತೆ ಆ ಪೆಟ್ಟಿಗೆಗಳಲ್ಲಿ ತಿರುಗುಮುರುಗು ಕಂಡದ್ದೇಕೆ? ಶ್ರೀಮಂತ ನೀರಿನ ಮೀನು ಬಡಕಲಾಗಿತ್ತು, ಬಡ ನೀರಿನದು ಕೊಬ್ಬಿತ್ತು. ಅದಕ್ಕೆ ಬರುವ ಮುನ್ನ ಫ್ರಾನ್ಸಿಗೆ ಹೋಗಿ ಬರೋಣ.

ಫ್ರಾನ್ಸಿನ ಕಡಲಲ್ಲಿ ಕಿರಿದಾದ ಸಾರ್ಡೀನ್

ಫ್ರಾನ್ಸಿನ ದಕ್ಷಿಣಕ್ಕೆ ಮೆಡಿಟರೇನಿಯನ್ನಿನ ಲಯನ್ ಕೊಲ್ಲಿ ಇದೆ. 2008ರ ಆಸುಪಾಸಿನಿಂದ ಅಲ್ಲಿನ ಸಾರ್ಡೀನ್ ಕಿರಿದಾಗತೊಡಗಿತು. ಹತ್ತು ವರ್ಷಗಳಲ್ಲಿ ಸರಾಸರಿ ಉದ್ದ 15 ಸೆಂಟಿಮೀಟರಿನಿಂದ 11ಕ್ಕೆ, ತೂಕ 30 ಗ್ರಾಂನಿಂದ 10ಕ್ಕೆ ಇಳಿಯಿತು. ನಮ್ಮ ಅಡುಗೆಮನೆಯ ಲೆಕ್ಕಕ್ಕೆ ಹಾಕಿ ನೋಡಿ, 0.89 ಇದ್ದದ್ದು 0.75 ಆಗುತ್ತದೆ. ಮೀನು ಗಿಡ್ಡವಾದದ್ದಷ್ಟೇ ಅಲ್ಲ, ತನ್ನ ಗಿಡ್ಡ ಮೈಗೂ ಸಾಲದಷ್ಟು ತೆಳ್ಳಗಾಗಿದೆ. ಎರಡು ವರ್ಷ ದಾಟಿದ ಮೀನುಗಳು ಅಪರೂಪವಾದವು. ಉಳಿದವು ಮೊದಲಿಗಿಂತ ಸಣ್ಣ ಗಾತ್ರದಲ್ಲೇ ತತ್ತಿ ಕಟ್ಟತೊಡಗಿದವು. ವಿಚಿತ್ರವೆಂದರೆ ಮೀನಿನ ಸಂಖ್ಯೆ ಕುಸಿದಿರಲಿಲ್ಲ. ಬಲೆ ತುಂಬುತ್ತಿತ್ತು, ಕೊಳ್ಳುವವರಿರಲಿಲ್ಲ. ಡಬ್ಬಿಯ ಕಾರ್ಖಾನೆಗೆ ಬೆರಳುದ್ದದ ಮೀನು ಬೇಡ.

ಫ್ರಾನ್ಸಿನ ಸಾಗರ ಸಂಶೋಧನಾ ಸಂಸ್ಥೆ ಇಫ್ರೆಮೆರ್ ಮತ್ತು ಜೊತೆಗಾರರು ಒಬ್ಬೊಬ್ಬರೇ ಆರೋಪಿಯನ್ನು ಕಟಕಟೆಗೆ ತಂದರು. ಅತಿ ಮೀನುಗಾರಿಕೆಯೇ? ಅಲ್ಲಿನ ಹಿಡಿಯುವಿಕೆ ಇಷ್ಟು ದೊಡ್ಡ ಬದಲಾವಣೆ ತರುವಷ್ಟಿರಲಿಲ್ಲ. ಟ್ಯೂನಾ ಮೀನುಗಳು ತಿಂದು ಮುಗಿಸಿದವೇ? ಅವು ತಿಂದದ್ದು ಸ್ವಲ್ಪವೇ. ರೋಗವೇ? ಇಷ್ಟಕ್ಕೆಲ್ಲ ಕಾರಣವಾಗಬಲ್ಲ ಸೋಂಕು ಸಿಗಲಿಲ್ಲ. ಉಳಿದದ್ದು ಊಟ.

ಕಡಲತೀರದ ಪಲಾವಾಸ್ ಎಂಬ ಊರಿನ ಕೇಂದ್ರದಲ್ಲಿ ಜೀವಂತ ಸಾರ್ಡೀನ್‌ಗಳನ್ನು ತೊಟ್ಟಿಗಳಲ್ಲಿ ಸಾಕಿದರು. ಕೆಲವಕ್ಕೆ ದೊಡ್ಡ ಕಾಳಿನ ಆಹಾರ, ಕೆಲವಕ್ಕೆ ಪುಡಿಯಷ್ಟು ಸಣ್ಣದು. ಆಹಾರದ ಸತ್ವ ಒಂದೇ, ಗಾತ್ರ ಮಾತ್ರ ಬೇರೆ. ಸಣ್ಣದನ್ನು ತಿಂದವು ದೊಡ್ಡದನ್ನು ತಿಂದವುಗಳಷ್ಟೇ ಬೆಳೆಯಲು ಸುಮಾರು ಎರಡರಷ್ಟು ತಿನ್ನಬೇಕಾಯಿತು. ಏಕೆಂದರೆ ದೊಡ್ಡ ಕಾಳನ್ನು ಮೀನು ಗುರಿಯಿಟ್ಟು ಗಬಕ್ಕನೆ ಹಿಡಿಯುತ್ತದೆ. ಪುಡಿಯನ್ನು ತಿನ್ನಲು ಬಾಯಿ ತೆರೆದುಕೊಂಡು ಈಜುತ್ತಲೇ ಇರಬೇಕು. ತಿಂದದ್ದರಲ್ಲಿ ಬಹುಪಾಲು ಈಜಿಗೇ ಖರ್ಚು. ಹತ್ತು ರೂಪಾಯಿ ಕೂಲಿಗೆ ಎಂಟು ರೂಪಾಯಿ ಬಸ್ ಚಾರ್ಜು ಕೊಟ್ಟು ಹೋಗಿ ಬಂದಂತೆ. ಲಯನ್ ಕೊಲ್ಲಿಯಲ್ಲೂ ದೊಡ್ಡ ಪ್ಲವಕ ಕಡಿಮೆಯಾಗಿ ಸಣ್ಣದೇ ಮೇಲುಗೈ ಪಡೆದಿದೆ ಎಂಬ ವಿವರಣೆಗೆ ಈ ಪ್ರಯೋಗ ಬಲ ಕೊಟ್ಟಿತು.

ಆದರೆ ಅದೇ ಮೆಡಿಟರೇನಿಯನ್ನಿನ ಪಶ್ಚಿಮ ತುದಿಯಲ್ಲಿ, ಜಿಬ್ರಾಲ್ಟರ್ ಬಾಗಿಲಿನಿಂದ ಅಟ್ಲಾಂಟಿಕ್ ನೀರು ಒಳನುಗ್ಗುವ ಆಲ್ಬೊರಾನ್ ಭಾಗದ ನೀರು ಹುಲುಸು. ಒಂದೇ ಕಡಲು, ಒಂದೇ ಜಾತಿ, ಕೆಲವು ನೂರು ಮೈಲಿಗಳ ಅಂತರ, ಊಟದ ಬಟ್ಟಲು ಮಾತ್ರ ಬೇರೆ. ಅಂದಹಾಗೆ ಸ್ಫಟಿಕದಂತೆ ನೀಲಿಯಾಗಿ ಕಾಣುವ ಮೆಡಿಟರೇನಿಯನ್ ನೀರು ಪ್ರವಾಸಿಗಳ ಕಣ್ಣಿಗೆ ಹಬ್ಬ. ಅಷ್ಟು ತಿಳಿಯಾಗಿದೆ ಎಂದರೆ ಅಂಬಲಿಯಲ್ಲಿ ಹಿಟ್ಟಿಲ್ಲ ಎಂದೇ ಅರ್ಥ.

ಒತ್ತಾಗಿ ಬಿತ್ತಿದ ಹೊಲ

ಈಗ ನಮ್ಮ ಬಡಕಲು ಬೂತಾಯಿಗೆ ಮರಳೋಣ. ಕೇರಳದ ಅಂಕಿಗಳನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ. 2012ರಲ್ಲಿ ಆ ರಾಜ್ಯದಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ದಡ ಸೇರಿತ್ತು. 2021ರಲ್ಲಿ ಕೇವಲ 3,297 ಟನ್. ನೂರು ಮೂಟೆ ಬೆಳೆದ ಹೊಲದಲ್ಲಿ ಒಂದು ಮೂಟೆಯೂ ಬಾರದ ಹಾಗೆ. ನಂತರ ಮೀನು ತಿರುಗಿ ಬಂತು, ಮತ್ತೆ ಒಂದು ಲಕ್ಷ ಟನ್ ದಾಟಿತು. 2024ರ ಒಳ್ಳೆಯ ಮಳೆಗಾಲದ ನಂತರ ಮರಿಗಳ ಪ್ರವಾಹವೇ ಬಂತು. ಆದರೆ ಮೀನು ಬೆಳೆಯಲಿಲ್ಲ. ಗಿಡ್ಡ, ತೆಳ್ಳನೆಯ ಬೂತಾಯಿಗಳೇ ಬಲೆಗೆ ಬಿದ್ದವು. ಕೊಚ್ಚಿಯಲ್ಲಿರುವ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿವರಣೆ ರೈತನಿಗೆ ಕೂಡಲೇ ಅರ್ಥವಾಗುವಂಥದ್ದು: ಮೇವಿಗಿಂತ ಬಾಯಿಗಳು ಹೆಚ್ಚಾದವು.

ಸಜ್ಜೆಯನ್ನು ಒತ್ತಾಗಿ ಬಿತ್ತಿ ಸಸಿ ತೆಳುಮಾಡದೆ ಬಿಟ್ಟರೆ ಹೊಲ ದೂರದಿಂದ ಹಸಿರಾಗಿ ಕಾಣುತ್ತದೆ, ಹತ್ತಿರ ಹೋದರೆ ಒಂದು ತೆನೆಯೂ ಬೆರಳಿಗಿಂತ ದಪ್ಪವಿಲ್ಲ. ಕಡಲಿನಲ್ಲಿ ಆದದ್ದೂ ಅದೇ. ಮೀನು ಎಷ್ಟಿದೆ, ಮೀನು ಹೇಗಿದೆ ಎಂಬುವು ಎರಡು ಬೇರೆ ಪ್ರಶ್ನೆಗಳು. ಫ್ರಾನ್ಸಿನಲ್ಲಿ ಮೇವಿನ ಗಾತ್ರ ಕುಗ್ಗಿತು, ಇಲ್ಲಿ ಮೇವನ್ನು ಹಂಚಿಕೊಳ್ಳುವವರು ಹೆಚ್ಚಿದರು. ಮಾರುಕಟ್ಟೆಯಲ್ಲಿ ನಿಂತವನ ಕಣ್ಣಿಗೆ ಕಾಣುವುದು ಮಾತ್ರ ಒಂದೇ ಬಡಕಲು ಮೀನು. ಬಡ ನೀರಿನಲ್ಲೂ ತಿನ್ನುವವರು ಕಡಿಮೆಯಿದ್ದರೆ ಪ್ರತಿಯೊಂದಕ್ಕೂ ಹೊಟ್ಟೆ ತುಂಬಬಹುದು. ಎರಡು ಪೆಟ್ಟಿಗೆ ನೋಡಿ ಎರಡು ಕಡಲುಗಳ ತೀರ್ಪು ಕೊಡುವ ಹುಂಬತನ ನನಗಿಲ್ಲ. ಆದರೆ ತಿರುಗುಮುರುಗು ಅಸಾಧ್ಯವೇನಲ್ಲ ಎಂಬುದಿಷ್ಟು ಸ್ಪಷ್ಟ.

ಕಡಿಮೆಯಾದಾಗಲೆಲ್ಲ ಹಿಡಿಯುವವರದ್ದೇ ತಪ್ಪೇ? ಹಿಡಿಯುವುದಕ್ಕೂ ಪಾಲಿದೆ, ಅದರಲ್ಲೂ ತತ್ತಿ ಇಡುವ ಮುನ್ನವೇ ಮರಿಗಳನ್ನು ಬಾಚಿದರೆ. ಕೇರಳದಲ್ಲಿ 10 ಸೆಂಟಿಮೀಟರಿಗಿಂತ ಸಣ್ಣ ಬೂತಾಯಿ ಹಿಡಿಯುವುದಕ್ಕೆ ನಿಷೇಧವಿರುವುದು ಅದಕ್ಕೇ. ಆದರೆ ಈ ಮೀನುಗಳು ಮನುಷ್ಯ ಬಲೆ ಬೀಸದ ಕಾಲದಲ್ಲೂ ಏರಿಳಿಯುತ್ತಿದ್ದವು. ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ ಬಳಿ ಕಡಲ ತಳದ ಕೆಸರಿನಲ್ಲಿ ಪದರ ಪದರವಾಗಿ ಕೂತಿರುವ ಹುರುಪೆಗಳನ್ನು ಎಣಿಸಿದಾಗ, ಸಾವಿರದೈನೂರು ವರ್ಷಕ್ಕೂ ಹಿಂದಿನಿಂದ ಸಾರ್ಡೀನ್ ಮತ್ತೆ ಮತ್ತೆ ಉಕ್ಕಿ ಮತ್ತೆ ಮತ್ತೆ ಬತ್ತಿದ್ದು ಕಂಡುಬಂತು.

ಮರಿಯ ಮೊದಲ ವಾರ

ಬೂತಾಯಿಯ ತತ್ತಿ ನೀರಿನಲ್ಲಿ ತೇಲುತ್ತಾ ಸುಮಾರು ಒಂದು ದಿನದಲ್ಲೇ ಒಡೆಯುತ್ತದೆ. ಕೂದಲೆಳೆಯಂಥ ಮರಿಗೆ ಬಾಯಿ ಪೂರ್ತಿ ಮೂಡಿರುವುದಿಲ್ಲ. ತಾಯಿ ಕಟ್ಟಿಕೊಟ್ಟ ಬುತ್ತಿ ಹೊಟ್ಟೆಗೆ ಅಂಟಿಕೊಂಡೇ ಇರುತ್ತದೆ, ಅದು ಕೆಲವೇ ದಿನ. ಬುತ್ತಿ ಖಾಲಿಯಾಗುವ ಹೊತ್ತಿಗೆ ಸರಿಯಾದ ಗಾತ್ರದ ಪ್ಲವಕ ಬಾಯಿಯ ಮುಂದೆ ಇರಬೇಕು. ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ನಾರ್ವೆಯ ಯೋಹಾನ್ ಹಿಯೋರ್ಟ್ 1914ರಲ್ಲಿ ಮಂಡಿಸಿದ ಈ ವಿಚಾರ ಮೀನು ವಿಜ್ಞಾನದ ಅಡಿಗಲ್ಲುಗಳಲ್ಲೊಂದು.

ಒಣಬೇಸಾಯದವರು ಮಳೆಯ ನಕ್ಷತ್ರ ನೋಡಿ ಬಿತ್ತುವುದೂ ಇದೇ ಜೂಜು. ಬೀಜ ಮೊಳೆತ ವಾರದಲ್ಲಿ ಹದವಿದ್ದರೆ ಬೆಳೆ. ಮೀನಿನ ತಾಪತ್ರಯವೆಂದರೆ ಪ್ರತಿ ಕರಾವಳಿಯ ಪಂಚಾಂಗ ಬೇರೆ. ಅದಕ್ಕೆ ಉಪಾಯವೂ ಇದೆ: ಇರುವ ತತ್ತಿಯನ್ನೆಲ್ಲ ಒಂದೇ ದಿನ ಬಿಡದೆ ಕಂತು ಕಂತಾಗಿ ಬಿಡುವುದು. ಒಂದು ಕಂತು ಹೋದರೆ ಇನ್ನೊಂದು. ದೊಡ್ಡ, ಕೊಬ್ಬಿದ ಹೆಣ್ಣಿಗೆ ಹೆಚ್ಚು ಕಂತು ಕಟ್ಟುವ ಶಕ್ತಿ. ಸೊರಗಿದ ಸಣ್ಣ ಹೆಣ್ಣಿಗೆ ಕಡಿಮೆ. ಮೈಯ ಆರೋಗ್ಯ ಮುಂದಿನ ವರ್ಷದ ಮೀನಿನ ಲೆಕ್ಕಕ್ಕೆ ಸೇರುವುದು ಇಲ್ಲಿ.

ಬಿಸಿಯಾಗುತ್ತಿರುವ ನೀರು

ಬೂತಾಯಿಯಂಥ ಮೀನಿಗೆ ಮೈಬಿಸಿ ಕಾಯ್ದುಕೊಳ್ಳಲು ಬಾರದು, ನೀರು ಎಷ್ಟು ಬಿಸಿಯೋ ಮೈ ಅಷ್ಟು ಬಿಸಿ. ಬಿಸಿ ಹೆಚ್ಚಿದರೆ ಸುಮ್ಮನೆ ಬದುಕಿರುವುದಕ್ಕೇ ಹೆಚ್ಚು ಊಟ ಬೇಕು, ಜ್ವರ ಬಂದವನ ಮೈ ಕರಗುವ ಹಾಗೆ. ಮೇಲಿನ ನೀರು ಬಿಸಿಯಾದಷ್ಟೂ ಹಗುರಾಗಿ ತಳದ ನೀರಿನೊಂದಿಗೆ ಬೆರೆಯುವುದು ಕಡಿಮೆ, ಹಾಗಾಗಿ ಊಟವೂ ಕಡಿಮೆ. ಹಿಂದೂ ಮಹಾಸಾಗರದ ಪಶ್ಚಿಮ ಭಾಗ 1901ರಿಂದ 2012ರವರೆಗೆ ಜೂನ್–ಸೆಪ್ಟೆಂಬರ್ ತಿಂಗಳುಗಳಲ್ಲಿ ಸುಮಾರು 1.2 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿದೆ.

ಆದರೆ ಎಲ್ಲೆಡೆ ಒಂದೇ ಫಲ ಎಂದುಕೊಳ್ಳುವಂತಿಲ್ಲ. 1980ರ ದಶಕದವರೆಗೆ ಪೂರ್ವ ಕರಾವಳಿಯಲ್ಲಿ ಅಪರೂಪವಾಗಿದ್ದ ಬೂತಾಯಿ ಆಮೇಲೆ ತಮಿಳುನಾಡು, ಆಂಧ್ರದ ಬಲೆಗಳಲ್ಲಿ ಹೇರಳವಾಗಿ ಕಾಣತೊಡಗಿತು. ನೀರು ಬೆಚ್ಚಗಾದದ್ದು ಅಲ್ಲಿ ಅದಕ್ಕೆ ಬಾಗಿಲು ತೆರೆಯಿತು ಎನ್ನುತ್ತಾರೆ. ರಾಯಚೂರಿಗೆ ಪೂರ್ವ ಕರಾವಳಿಯಿಂದಲೂ ಬೂತಾಯಿ ಬರುವುದು ಈ ವಲಸೆಯ ಉಪಕಾರ. ದಕ್ಷಿಣ ಆಫ್ರಿಕಾದಲ್ಲಿ ಇನ್ನೂ ಸೋಜಿಗ. ಪ್ರತಿ ಚಳಿಗಾಲ ಅಲ್ಲಿನ ಪೂರ್ವ ತೀರದಲ್ಲಿ ಕೋಟಿಗಟ್ಟಲೆ ಸಾರ್ಡೀನ್‌ಗಳ ಮೆರವಣಿಗೆ ಹೊರಡುತ್ತದೆ. 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಅವುಗಳ ವಂಶವಾಹಿ ಪರೀಕ್ಷಿಸಿ, ಮೆರವಣಿಗೆಯವು ತಂಪು ನೀರಿಗೆ ಒಗ್ಗಿದ ಪಶ್ಚಿಮ ತೀರದ ಮೀನುಗಳೆಂದು ಕಂಡುಕೊಂಡಿತು. ತಣ್ಣೀರಿನ ಪಟ್ಟೆಯೊಂದನ್ನು ನಂಬಿ ಹೊರಟು, ತಮಗೆ ಒಗ್ಗದ ಬಿಸಿನೀರಿಗೆ ಹೋಗಿ ಸಿಕ್ಕಿಕೊಳ್ಳುತ್ತವೆ. ಹೊರನೋಟಕ್ಕೆ ಒಂದೇ ಜಾತಿಯಾದರೂ ಒಳಗೆ ಎರಡು ಸ್ವಭಾವ.

ನಮ್ಮ ಊರಿಗೆ ಏನು ಸಂಬಂಧ

ಸೊರಗಿದ ಬೂತಾಯಿ ತಿನ್ನಬಹುದೇ ಎಂದು ಕೇಳುವವರಿದ್ದಾರೆ. ಧಾರಾಳವಾಗಿ. ಸೊರಗಿದೆ ಎಂದರೆ ರೋಗ ಬಂದಿದೆ ಎಂದಲ್ಲ. ಕೊಬ್ಬು ಕಡಿಮೆ, ಹಾಗಾಗಿ ಹೃದಯಕ್ಕೆ ಒಳ್ಳೆಯದೆನ್ನುವ ಒಮೆಗಾ-3 ಕೊಬ್ಬೂ ಕಡಿಮೆ, ರುಚಿಯೂ ಒಂದು ಕೈ ಕಡಿಮೆ. ಹುರಿಯುವಾಗ ಎಣ್ಣೆ ಒಂದು ಚಮಚೆ ಹೆಚ್ಚು ಬೇಕು.

ತಿನ್ನದವರಿಗೂ ನಂಟು ತಪ್ಪಿದ್ದಲ್ಲ. ಸಣ್ಣ ಮೀನನ್ನು ಒಣಗಿಸಿ ಪುಡಿ ಮಾಡಿದ ಮೀನುಹಿಟ್ಟು ಸೀಗಡಿ, ಮೀನು, ಕೋಳಿಗಳ ಆಹಾರಕ್ಕೆ ಬೆರೆಯುತ್ತದೆ. ಪೆರುವಿನ ಆಂಚೋವಿ ಈ ವ್ಯಾಪಾರದ ಬೆನ್ನೆಲುಬು. 1970ರಲ್ಲಿ 1.2 ಕೋಟಿ ಟನ್ ದಾಟಿದ್ದ ಆ ಮೀನು, ಎಲ್ ನಿನೊ (ಕೆಲವು ವರ್ಷಗಳಿಗೊಮ್ಮೆ ಪೆಸಿಫಿಕ್ ಕಡಲಿನ ಮೇಲಿನ ನೀರು ಬಿಸಿಯೇರುವುದು) ಬಂದು ತಳದ ತಣ್ಣೀರು ಮೇಲೇಳುವುದು ನಿಂತ ಮೇಲೆ 1973ರ ಹೊತ್ತಿಗೆ ಸುಮಾರು 20 ಲಕ್ಷ ಟನ್ನಿಗೆ ಕುಸಿದಿತ್ತು. ಅದಕ್ಕೂ ಮೊದಲಿನ ವಿಪರೀತ ಹಿಡಿಯುವಿಕೆ ಪೆಟ್ಟನ್ನು ಇಮ್ಮಡಿ ಮಾಡಿತ್ತು. 2023ರಲ್ಲಿ ಮತ್ತೆ ಎಲ್ ನಿನೊ ಬಂದು ಬಲೆಯಲ್ಲಿ ಮರಿಗಳೇ ಹೆಚ್ಚು ಕಂಡಾಗ ಪೆರು ಸರ್ಕಾರ ಆ ವರ್ಷದ ಮೊದಲ ಹಂಗಾಮನ್ನೇ ರದ್ದು ಮಾಡಿತು. ಅಂಥ ಸುದ್ದಿ ಮೂಲೆಯಲ್ಲೊಂದು ಕಡೆ ಅಚ್ಚಾದರೂ ಆಹಾರದ ಚೀಲದ ದರದಲ್ಲಿ ಅದರ ಬಿಸಿ ತಟ್ಟುತ್ತದೆ.

ಇನ್ನು ಮಾರುಕಟ್ಟೆಯಲ್ಲಿ ಯಾವಾಗ ಯಾವ ಕಡಲಿನ ಮೀನು ಎಂಬ ಲೆಕ್ಕ. ಯಂತ್ರದ ದೋಣಿಗಳಿಗೆ ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ ಬಂದ್, ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ. ಎರಡೂ 61 ದಿನ. ಏಪ್ರಿಲ್ ಕೊನೆಯಲ್ಲಿ ತಾಜಾ ಬೂತಾಯಿ ಸಿಕ್ಕರೆ ಅದು ಬಹುಪಾಲು ಪಶ್ಚಿಮದ್ದು, ಜುಲೈಯಲ್ಲಿ ಸಿಕ್ಕರೆ ಪೂರ್ವದ್ದು. ಜೂನ್‌ನ ಮೊದಲ ಹದಿನಾಲ್ಕು ದಿನ ಕರ್ನಾಟಕದ್ದೂ ಆಂಧ್ರದ್ದೂ ಯಂತ್ರದ ದೋಣಿಗಳು ದಡದಲ್ಲೇ ಕಟ್ಟಿಹಾಕಿಕೊಂಡಿರುತ್ತವೆ. ಆ ಎರಡು ವಾರ ಅಕ್ಕನ ಕಟ್ಟೆಯ ಮೇಲೆ ಅಣೆಕಟ್ಟಿನ ಕಾಟ್ಲಾ, ರೋಹು ಹರಡಿರುತ್ತವೆ, ಪಕ್ಕದಲ್ಲಿ ಗೋಣಿಚೀಲದ ಮೇಲೆ ಒಣಮೀನಿನ ರಾಶಿ. ತಕ್ಕಡಿ, ಸ್ಕೇಲು ಹಿಡಿದು ಹೋದರೆ, "ಹದಿನೈದರ ಮೇಲೆ ಬಾ ತಮ್ಮಾ" ಎನ್ನುತ್ತಾರೆ.